ಮೊದಲನೇ ಸಹಿ ನಂದೇ

ಕೈ ಮೇಲಕ್ಕೆ... ಇನ್ನೂ ಸ್ವಲ್ಪ... ಹಾಂ, ಹಂಗೇ ಇರ್ರಿ ಸಾಹೇಬ್ರೆ. ಓಟು ಕೇಳಾಕೆ ಬಂದಾಗ ಕೈ ಎತ್ತುತಿದ್ರಲ್ಲ, ಹಂಗೆ. ಯಾಕೆ ನಗ್ತೀರಿ? ನಗಬ್ಯಾಡ್ರಿ, ಹೊಟ್ಟೆ ಕುಣಿದ್ರೆ ಟೇಪು ಜಾರ್ತೈತೆ. ಹಂಗಂತ ಉಸಿರು ಬಿಗಿ ಹಿಡೀಬ್ಯಾಡ್ರಿ ಮತ್ತೆ! ಗೊತ್ತು ನಂಗೆ ನಿಮ್ಮ ಆಟ. ಎಮ್ಮೆಲ್ಲೆ ಆದಾಗಿಂದ್ಲೂ ಇದೇ... ಟೇಪು ಸೊಂಟಕ್ಕೆ ಬಂತು ಅಂದ್ರೆ ಉಸಿರು ಒಳಕ್ಕೆ! ಆಮೇಲೆ ‘ಜುಬ್ಬ ಬಿಗಿ ಆತಲ್ಲೋ ರಂಗಣ್ಣ’ ಅಂತ ನಂಗೆ ಬೈಯಾದು. ಬಿಡ್ರಿ ಉಸಿರು. ಹಾಂ... ನಲವತ್ತು. ನಲವತ್ತೂಕಾಲು ಐತೆ, ಕಾಲು ಇಂಚು ನಿಮಗೆ ಮಾಫಿ.

ಈಗ ಕುಂದ್ರಿ. ಆ ಸ್ಟೂಲ್ ಬ್ಯಾಡ, ಅದು ಅಲ್ಲಾಡ್ತೈತೆ, ಇಲ್ಲಿ ಮಿಷನ್ ಪಕ್ಕ ಕುಂದ್ರಿ. ಟೀ ಹೇಳ್ಲಾ? ಎದುರಿಗೇ ಹನುಮಂತಪ್ಪನ ಅಂಗಡಿ, ಒಂದು ಕೂಗು ಹಾಕಿದ್ರೆ ಬರ್ತಾನೆ. ಬ್ಯಾಡ್ವಾ? ಆಮೇಲೆ? ಆತು, ಆಮೇಲೆ.

ಈ ಬುಕ್ಕು ಗುರುತು ಸಿಕ್ತಾ ನಿಮಗೆ? ನೋಡ್ರಿ, ರಟ್ಟು ಕಿತ್ತೋಗೈತೆ. ನನ್ನ ಅಳತೆ ಬುಕ್ಕು! ಪೇಪರ್‌ನೋರು ಏನು ಬರೀತಾರೆ ನಿಮ್ಮ ಬಗ್ಗೆ? ‘ಮಾಜಿ ಶಾಸಕ ಗೋಣೆಪ್ಪನವರು ಐದು ಸಲ ನಾಮಪತ್ರ ಹಾಕಿದರು, ಎರಡು ಸಲ ಗೆದ್ದರು.’ ಮುಗೀತು. ಎರಡು ಸಾಲು. ನನ್ನ ಬುಕ್ಕಲ್ಲಿ ನಿಮಗೆ ಐದು ಪುಟ ಐತೆ ಸಾಹೇಬ್ರೆ, ಐದು!

ಇಗೋ, ಮೊದಲ್ನೇ ಎಲೆಕ್ಷನ್. ಸೊಂಟ ಮೂವತ್ತೊಂದು. ಮೂವತ್ತೊಂದೇ! ಹೆಂಗಿದ್ರಿ ನೀವು ಆವಾಗ, ಒಣ ಕಡ್ಡಿ ಇದ್ದಂಗೆ. ಯಾವ ಪಕ್ಷಾನೂ ಹತ್ರ ಸೇರಿಸ್ಲಿಲ್ಲ, ಪಕ್ಷೇತರ ನಿಂತ್ರಿ. ಹತ್ತು ಜನ ಸೂಚಕರು ಸಹಿ ಹಾಕ್ಬೇಕು, ಹತ್ತೂ ಜನ ಇದೇ ಕ್ಷೇತ್ರದ ಓಟುದಾರರಾಗಿರ್ಬೇಕು ಅಂತ ರೂಲ್ಸು. ನಿಮಗೆ ಸಿಕ್ಕಿದ್ದು ಒಂಬತ್ತೇ ಜನ. ಇದೇ ಬಾಗ್ಲಲ್ಲಿ ಬಂದು ‘ಏ ರಂಗಣ್ಣ, ಬಾರೋ ಬಾರೋ’ ಅಂತ ನನ್ನ ಎಳ್ಕಂಡು ಹೊನ್ನಾಳಿಗೆ ಹೋದ್ರಿ. ತಾಲ್ಲೂಕು ಆಫೀಸಲ್ಲಿ ಸಹಿ ಹಾಕೋವಾಗ ನೋಡ್ಕಂತೀನಿ, ಕುತ್ತಿಗೇಲಿ ಟೇಪು ಹಂಗೇ ನೇತಾಡ್ತೈತೆ! ನಂದು ಹತ್ತನೇ ಸಹಿ. ಕಟ್ಟಕಡೇದು. ಚಿಹ್ನೆ ಏನು ಕೊಟ್ರು? ಏಣಿ! ನಿಜವಾದ ಏಣೀನೇ ಹೊತ್ಕಂಡು ಊರೂರು ತಿರುಗಿದ್ವಿ. ಸಾಸ್ವೆಹಳ್ಳೀಲಿ ಒಬ್ಬಾಕಿ ‘ಹೆಂಚು ಸರಿ ಮಾಡ್ಸಿ ಕೊಡ್ತೀನಿ’ ಅಂತ ಇಸ್ಕಂಡ್ಳು ನೋಡ್ರಿ, ಎಲೆಕ್ಷನ್ ಮುಗುದ್ರೂ ಏಣಿ ವಾಪಸ್ ಬರ್ಲಿಲ್ಲ! ಠೇವಣೀನೂ ಬರ್ಲಿಲ್ಲ... ನಗ್ರಿ ನಗ್ರಿ, ಈಗ ನಗಬೋದು, ಟೇಪು ಇಲ್ಲ.

ಎರಡ್ನೇದು. ಸೊಂಟ ಮೂವತ್ತೆರಡು. ಆ ಸಲ ಹತ್ತು ಜನಾನೂ ನಾನೇ ಹೊಂದಿಸ್ದೆ, ಗ್ಯಾಪ್ಕ ಐತಾ? ನೀವು ಪೆನ್ನು ನನ್ನ ಕೈಗೆ ಕೊಟ್ರಿ. ‘ಈ ಸಲ ಮೊದಲನೇ ಸಹಿ ರಂಗಣ್ಣಂದು’ ಅಂದ್ರಿ. ಎಲ್ಲಾರ ಮುಂದೆ! ಅದ್ಯಾವ ಗಳಿಗೇಲಿ ಅಂದ್ರೋ, ಚಿಹ್ನೆ ಬಂತು ನೋಡ್ರಿ... ಹೊಲಿಗೆ ಮಿಷನ್ನು! ನಂಗೆ ಕಣ್ಣಲ್ಲಿ ನೀರೇ ಬಂದುಬಿಡ್ತು. ಇದೇ ಮಿಷನ್ನು, ಈಗ ನಿಮ್ಮ ಮೊಣಕೈ ಇಟ್ಟಿದ್ದೀರಲ್ಲ, ಇದನ್ನೇ ಗೂಡ್ಸ್ ಆಟೋ ಮೇಲೆ ಕಟ್ಟಿ, ನಾನು ತುಳೀತಾ ಕುಂತೆ. ಗೋವಿನಕೋವೀಲಿ ನೀವು ಭಾಷಣ ಶುರು ಮಾಡಿದ್ರೆ ಹೆಣ್ಣುಮಕ್ಳು ಒಬ್ಬೊಬ್ರೇ ಹರಿದ ರವಿಕೆ ತಗಂಡು ಆಟೋ ಹಿಂದೆ ಸಾಲು ನಿಂತ್ರು! ನೀವು ಮಾತಾಡಿದ್ದು ಹತ್ತು ನಿಮಿಷ, ನಾನು ಹೊಲ್ದಿದ್ದು ಎರಡು ತಾಸು. ನಾನೂರಾ ಹನ್ನೊಂದು ಓಟಲ್ಲಿ ಗೆದ್ರಿ. ನಾನು ಇವತ್ತಿಗೂ ಹೇಳ್ತೀನಿ, ಅದ್ರಲ್ಲಿ ಮುನ್ನೂರು ರವಿಕೆ ಓಟು!

ಎಮ್ಮೆಲ್ಲೆ ಆದ್ರಿ. ಸೊಂಟ ಮೂವತ್ತೆಂಟು. ಆದ್ರೂ ಕೆಲ್ಸ ಮಾಡಿದ್ರಿ ಬಿಡ್ರಿ. ಶಾಲೆ ಹುಡುಗ್ರಿಗೆ ಅಂತ ಬೆಳಗಿನ ಬಸ್ಸು ಬಿಡ್ಸಿದ್ರಿ, ಆಸ್ಪತ್ರೇಗೆ ಡಾಕ್ಟ್ರು ಬರಂಗೆ ಮಾಡಿದ್ರಿ. ಅಂಗಡಿ ಮುಂದೆ ಕಾರು ಹೋದ್ರೆ ಗ್ಲಾಸ್ ಇಳಿಸಿ ಕೈ ಎತ್ತದೇ ಇದ್ದ ದಿನ ಇಲ್ಲ.

ಮೂರ್ನೇ ಸಲ ತಪ್ಪು ಮಾಡಿದ್ರಿ. ಪಕ್ಷದ ಟಿಕೆಟ್ಟು ತಗಂಡ್ರಿ. ಪಕ್ಷದೋರಿಗೆ ಒಬ್ಬನೇ ಸೂಚಕ ಸಾಕಂತೆ. ಯಾರೋ ದಾವಣಗೆರೆ ಲೀಡ್ರು ಸಹಿ ಹಾಕಿದ್ರು. ನಾನು ಹೊರಗೆ ಹುಣಸೇ ಮರದ ಕೆಳಗೆ ನಿಂತಿದ್ದೆ, ಹೊಸ ಅಂಗಿ ಹಾಕ್ಕಂಡು, ಪೆನ್ನು ಜೇಬಲ್ಲಿಟ್ಕಂಡು... ಹೋಗ್ಲಿ ಬಿಡ್ರಿ. ಸೋತ್ರಿ. ನಾನೇನೂ ಅಂದಿಲ್ಲಪ್ಪ! ನಾಲ್ಕ್ನೇ ಸಲ ಮತ್ತೆ ಪಕ್ಷೇತರ, ಮತ್ತೆ ಮೊದಲನೇ ಸಹಿ ನಂದು. ಕುಕ್ಕರ್ ಚಿಹ್ನೆ. ಬೀದಿ ತುಂಬಾ ಹುಡುಗ್ರು ಸೀಟಿ ಹೊಡ್ದಿದ್ದೇ ಹೊಡ್ದಿದ್ದು. ಎರಡು ಸಾವಿರದ ಮೇಲೆ ಲೀಡು! ಅಲ್ಲ ಸಾಹೇಬ್ರೆ, ನಾನು ಮೊದಲು ಸಹಿ ಹಾಕಿದ್ರೆ ಗೆಲ್ತೀರಿ, ಇಲ್ಲಾಂದ್ರೆ ಸೋಲ್ತೀರಿ. ಇದು ನಾನು ಹೇಳಾದಲ್ಲ, ಬುಕ್ಕು ಹೇಳ್ತೈತೆ.

ಐದ್ನೇದು...

ಐದ್ನೇದು ಏನು ಹೇಳಾದು, ಅದು ಊರಿಗೇ ಗೊತ್ತಲ್ಲ! ಮೂರು ಗಂಟೆಗೆ ಬಾಗ್ಲು ಹಾಕ್ತಾರೆ ಅಂದ್ರೆ ನಾವು ಡೊಳ್ಳು ಬಾರಿಸ್ಕಂಡು ಎರಡೂಮುಕ್ಕಾಲಿಗೆ ಹೋದ್ವಿ. ಒಂದೇ ಸೆಟ್ಟು ನಾಮಪತ್ರ ಕೊಟ್ವಿ. ಮಾರ್ನೇ ದಿನ ಪರಿಶೀಲನೇಲಿ ತಿರಸ್ಕಾರ! ಯಾಕಪ್ಪಾ ಅಂದ್ರೆ... ನೀವೇ ಹೊರಗೆ ಬಂದು ಹೇಳಿದ್ರಂತಲ್ಲ, ‘ಒಂದು ಕಡೆ ನಾನೇ ಸಹಿ ಹಾಕಾಕೆ ಮರ್ತೆ’ ಅಂತ! ಅಯ್ಯಯ್ಯೋ! ಎರಡು ಸಲ ಎಮ್ಮೆಲ್ಲೆ ಆದೋರು, ಸಾವಿರಾರು ಪತ್ರಕ್ಕೆ ಸಹಿ ಹಾಕಿದೋರು, ತಮ್ಮ ನಾಮಪತ್ರಕ್ಕೇ ಸಹಿ ಮರ್ತ್ರು! ಎಷ್ಟು ನಕ್ಕೀವಿ ಗೊತ್ತಾ? ಹನುಮಂತಪ್ಪನ ಟೀ ಅಂಗಡೀಲಿ ಯಾರಾರ ಹೊಸಬ್ರು ಬಂದ್ರೆ ‘ರಂಗಣ್ಣ, ಆ ಸಹಿ ಕಥೆ ಹೇಳು’ ಅಂತಾರೆ. ನಾನು ನಿಮ್ಮ ಥರಾನೇ ಜೇಬೆಲ್ಲಾ ತಡಕಿ, ಪೆನ್ನು ಹುಡ್ಕಿ, ಆಕ್ಷನ್ ಮಾಡಿ ತೋರಿಸ್ತೀನಿ. ಮೊನ್ನೆ ಚನ್ನಗಿರಿ ಬಸ್ ಸ್ಟ್ಯಾಂಡಲ್ಲಿ ಯಾವನೋ ನಂಗೇ ಈ ಕಥೆ ಹೇಳ್ತಾನೆ ಸಾಹೇಬ್ರೆ, ನಂಗೇ! ಅಲ್ಲೀತಂಕ ಹೋಗೈತೆ!

ಯಾಕೆ... ನಗ್ಲಿಲ್ಲ?

ಬೇಜಾರಾಯ್ತಾ? ತಮಾಷಿ ಅಲ್ವಾ ಅದು, ಪ್ರೀತಿಗೆ ಹೇಳಾದು. ನಾನು ಅವತ್ತು ಪರಿಶೀಲನೆಗೆ ಬರ್ಲಿಲ್ಲ, ಹೌದು. ಮದ್ವೆ ಬಟ್ಟೆ ಅರ್ಜೆಂಟ್ ಇತ್ತು. ಆ ವರ್ಷ ನಂಗೆ ಜಗಳೂರಿಗೆ ಓಡಾಟಾನೂ ಜಾಸ್ತಿ ಇತ್ತಲ್ಲ, ಹೆಂಡ್ತಿ ಚೌಡಕ್ಕನ ತವ್ರು ಆ ಕಡೆ ಹಳ್ಳಿ... ಅದಿರ್ಲಿ. ಅದು ಇದಕ್ಕೆ ಸಂಬಂಧ ಇಲ್ಲದ್ದು.

ಈ ಸಲದ ಮಾತಾಡಾನ. ಎಲೆಕ್ಷನ್ನಿಗೆ ಇನ್ನೂ ಎರಡು ತಿಂಗ್ಳು ಐತೆ, ಈಗ್ಲೇ ಬಂದೀರಿ, ಒಳ್ಳೇದಾತು. ಹತ್ತು ಜನಾನ ನಾನೇ ಹೊಂದಿಸ್ತೀನಿ. ಒಂಬತ್ತು. ಒಂಬತ್ತು ಸಾಕು, ಒಬ್ಬ ನಾನಿದ್ದೀನಲ್ಲ! ಫಾರಂ ತಂದೀರೇನು? ಆ ಚೀಲದಾಗೆ ಏನೋ ಪೇಪರ್ ಕಾಣ್ತೈತೆ. ಕೊಡ್ರಿ ಇತ್ಲಾಗೆ. ಈಗ್ಲೇ ಹಾಕ್ಬಿಡ್ತೀನಿ ಮೊದಲನೇ ಸಹಿ, ಇವತ್ತು ವಾರ ಚೆನ್ನಾಗೈತೆ... ಕೊಡ್ರಿ... ಯಾಕೆ ಹಂಗೆ ನೋಡ್ತೀರಿ?

ಏನು? ಜುಬ್ಬಾನಾ? ಓ, ನೀವು ತಂದಿರೋ ಈ ಹಳೇ ಜುಬ್ಬ ಮೊದಲು ನೋಡು ಅಂತೀರಾ? ಆತು. ಸೈಡ್ ಬಿಚ್ಚಿ ದೊಡ್ಡದು ಮಾಡ್ಬೇಕು ಅಷ್ಟೇ ತಾನೆ? ಇದು... ಇದು ಹೋದ ಸಲ ಹೊಲ್ದಿದ್ದಲ್ವಾ? ನಾಮಪತ್ರಕ್ಕೆ ಅಂತ. ಹೌದು, ನಂದೇ ಹೊಲಿಗೆ, ಒಳಜೇಬು ನೋಡ್ರಿ, ಹಿಂಗೆ ಒಳಜೇಬು ಇಡೋರು ನ್ಯಾಮತೀಲಿ ನಾನೊಬ್ನೇ. ಬಿಚ್ಚಾಕೆ ಮುಂಚೆ ಜೇಬು ತಡಕಾದು ನನ್ನ ಅಭ್ಯಾಸ, ಒಂದ್ಸಲ ಯಾರ್ದೋ ಬಸ್ ಪಾಸು... ಇಗೋ, ಇದ್ರಾಗೂ ಏನೋ ಐತೆ. ಪೇಪರ್ರು. ಒಗ್ದು ಒಗ್ದು ಅಂಟ್ಕಂಡೈತೆ... ಅಲ್ಲ, ಒಗ್ದಿಲ್ಲ. ಹೊಸದಾಗಿ ಮಡಚಿ ಇಟ್ಟಂಗೈತೆ. ನೀವೇ ಇಟ್ರಾ? ಇರ್ರಿ, ಕನ್ನಡಕ...

‘ನಾಮಪತ್ರವನ್ನು ತಿರಸ್ಕರಿಸಲಾಗಿದೆ. ಕಾರಣ...’

ಕಾರಣ ನೀವು ಸಹಿ ಹಾಕ್ಲಿಲ್ಲ, ಅಷ್ಟೇ ತಾನೆ, ಅದೇ ಬರ್ದಿರ್ತಾರೆ...

‘ಕ್ರಮ ಸಂಖ್ಯೆ ಒಂದರ ಸೂಚಕರಾದ ಶ್ರೀ ರಂಗಣ್ಣ ಇವರ ಹೆಸರು ಈ ಕ್ಷೇತ್ರದ ಮತದಾರರ ಪಟ್ಟಿಯಿಂದ... ತೆಗೆದುಹಾಕಲ್ಪಟ್ಟಿದ್ದು...’

...

ಸಾಹೇಬ್ರೆ.

ಏನಾರ ಅನ್ರಿ. ಬೈಯ್ರಿ. ಹಂಗೆ ನೋಡಬ್ಯಾಡ್ರಿ.

ನನ್ನ ಭಾಮೈದ ಓಬಳೇಶ ಐದಾನಲ್ಲ, ಅವನು ಪಂಚಾಯ್ತಿ ಎಲೆಕ್ಷನ್ನಿಗೆ ನಿಂತ. ‘ಒಂದೊಂದು ಓಟೂ ಬೇಕು ಭಾವ’ ಅಂದ. ಚೌಡಕ್ಕ ಎರಡು ದಿನ ಮಾತು ಬಿಟ್ಳು. ನನ್ನ ಓಟು, ಅವಳ ಓಟು, ಎರಡೂ ಜಗಳೂರು ಕಡೆ ಆ ಹಳ್ಳಿಗೆ ಬರೆಸಿದ್ವಿ. ಎರಡೇ ಓಟಲ್ಲಿ ಗೆದ್ದ ಸಾಹೇಬ್ರೆ! ಸರಿಯಾಗಿ ಎರಡು! ಮುಗುದ ಮೇಲೆ ವಾಪಸ್ ತಂದ್ರಾತು ಅಂದ್ಕಂಡೆ. ಇವತ್ತು, ನಾಳೆ... ಅಷ್ಟರಾಗೆ ನಿಮ್ಮ ಎಲೆಕ್ಷನ್ ಬಂತು. ‘ರಂಗಣ್ಣ, ಮೊದಲನೇ ಸಹಿ’ ಅಂತ ಪೆನ್ನು ಕೊಟ್ರಿ. ಹೆಂಗೆ ಹೇಳ್ಲಿ? ನನ್ನ ಹೆಸ್ರು ಇಲ್ಲಿಲ್ಲ ಅಂದ್ರೆ ಪೆನ್ನು ಬ್ಯಾರೆಯವ್ರ ಕೈಗೆ ಹೋಗ್ತಿತ್ತು. ಹಳೇ ಕಾರ್ಡು ಜೇಬಲ್ಲೇ ಇತ್ತು, ಹಳೇ ನಂಬ್ರು ಬಾಯಿಪಾಠ ಇತ್ತು. ಯಾರು ನೋಡ್ತಾರೆ ಅಂತ ಬರ್ದುಬಿಟ್ಟೆ. ಮದ್ವೆ ಬಟ್ಟೆ ಅಂದಿದ್ದೂ ಸುಳ್ಳು. ಅವತ್ತು ಅಂಗಡಿ ಬಾಗ್ಲು ಹಾಕ್ಕಂಡು ಒಳಗೆ ಕುಂತಿದ್ದೆ. ಸೂಜಿಗೆ ದಾರ ಪೋಣಿಸಾಕೂ ಆಗ್ಲಿಲ್ಲ.

ಸಾಯಂಕಾಲ ಹನುಮಂತಪ್ಪ ಓಡಿ ಬಂದ. ‘ಸಾಹೇಬ್ರು ತಾವೇ ಸಹಿ ಮರ್ತ್ರಂತೆ ಕಣೋ’ ಅಂದ. ನಂಬಿದೆ ಸಾಹೇಬ್ರೆ. ನಂಬಿದೆ ಅಂತಲ್ಲ... ನಂಬಾಕೆ ಅಷ್ಟು ಆಸೆ ಆತು. ಜೀವ ಬಂದಂಗಾತು. ಆ ಖುಷೀಗೇ ಅವತ್ತು ರಾತ್ರೀನೇ ಆಕ್ಷನ್ ಮಾಡಿ ತೋರಿಸಿದ್ದು. ನೀವು ಪೆನ್ನು ಹುಡುಕಿದಂಗೆ, ಜೇಬು ತಡಕಿದಂಗೆ... ಥೂ ನನ್ನ! ಐದು ವರ್ಷ ನಿಮ್ಮನ್ನ ಊರೆಲ್ಲಾ ನಗಂಗೆ ಮಾಡಿದ್ನಲ್ಲ ನಾನು. ಗೊತ್ತಿದ್ದೂ ಸುಮ್ನಿದ್ರಾ? ನನ್ನ ಹೆಸ್ರು ಹೇಳಿದ್ರೆ ಅವತ್ತೇ ನಿಮ್ಮ ಹುಡುಗ್ರು ನನ್ನ ಮಿಷನ್ನು ಹೊಳೇಗೆ ಎಸೀತಿದ್ರು... ಅದಕ್ಕೇ ಹೇಳ್ಲಿಲ್ವಾ? ಅದಕ್ಕೇ?

ಕಣ್ಣಲ್ಲೇ ಇನ್ನೊಂದು ಕೇಳ್ತಿದ್ದೀರಿ ನೀವು. ಗೊತ್ತಾತು ಬಿಡ್ರಿ, ಏನು ಅಂತ. ಹೌದು... ಇನ್ನೂ ಅಲ್ಲೇ ಐತೆ. ನನ್ನ ಓಟು ಇನ್ನೂ ಜಗಳೂರಲ್ಲೇ ಐತೆ. ಈಗ ಕೈ ನೀಡಿದ್ನಲ್ಲ ಫಾರಂಗೆ... ಈ ಸಲಾನೂ ಹಾಕ್ಬಿಡ್ತಿದ್ದೆ ಸಾಹೇಬ್ರೆ. ಮತ್ತೆ ಮುಳುಗಿಸ್ತಿದ್ದೆ ನಿಮ್ಮನ್ನ. ಮೊದಲನೇ ಸಹಿ ಅನ್ನೋ ಹುಚ್ಚಿಗೆ.

ಬೇರೆ ಯಾರನ್ನಾರ ಕರೀರಿ. ನನ್ನ ಕೆಳಗೆ ಎರಡ್ನೇ ಸಹಿ ಹಾಕ್ತಿದ್ನಲ್ಲ ಪರಮೇಶ, ಒಳ್ಳೇನು, ಅವನ ಕೈಲಿ ಹಾಕಿಸ್ರಿ. ನಾನು ಜುಬ್ಬ ಹೊಲೀತೀನಿ, ಅಷ್ಟು ಸಾಕು ನಂಗೆ.

ಏನಿದು? ಚೀಲದಾಗಿದ್ದ ಪೇಪರ್ರು ಇದೇನಾ? ಇದು ನಾಮಪತ್ರ ಅಲ್ವಲ್ಲ... ‘ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆ...’ ಹೆಸರು ರಂಗಣ್ಣ... ಊರು ನ್ಯಾಮತಿ... ಇದು ನಿಮ್ಮ ಅಕ್ಷರ! ಎಲ್ಲಾ ನೀವೇ ತುಂಬಿಸೀರಾ? ಸಹಿ ಒಂದೇ ಬಾಕಿ... ಅಂದ್ರೆ... ಇದನ್ನ ಕೊಡಾಕೇ ಎರಡು ತಿಂಗ್ಳು ಮುಂಚೆ ಬಂದ್ರಾ? ಹೊಟ್ಟೆ ಅಳತೆ ನೆಪ ಮಾಡ್ಕಂಡು?

ಇರ್ರಿ... ಕನ್ನಡಕ ಒರೆಸ್ಕಂತೀನಿ. ಅಳ್ತಿಲ್ಲ ನಾನು! ಚಾಕ್ ಪೀಸ್ ಪುಡಿ ಬಿತ್ತು ಕಣ್ಣಿಗೆ.

ಎಲ್ಲಿ ಹಾಕ್ಲಿ? ಇಲ್ಲೇನಾ? ಇಗೋ... ರಂ... ಗಣ್... ಣ. ಹಾಕ್ದೆ. ಚೌಡಕ್ಕನ ಓಟು ಅಲ್ಲೇ ಇರ್ಲಿ, ನಂದು ಒಂದೇ ಬರ್ಲಿ. ಎರಡೋಟಲ್ಲಿ ಗೆದ್ದೋನು ಒಂದೋಟಲ್ಲಿ ಗೆಲ್ಲಲಿ ಬಿಡ್ರಿ ಓಬಳೇಶ, ಗೆದ್ದಂಗೇ ಅಲ್ವಾ ಅದೂ? ಹಾಂ! ಈಗ ನಕ್ರಿ ನೋಡ್ರಿ!

ಎದ್ರಿ ಯಾಕೆ? ಕುಂದ್ರಿ, ಟೀ ಆಮೇಲೆ ಅಂದಿದ್ರಲ್ಲ. ಕೈ ಹಿಡೀಬ್ಯಾಡ್ರಿ, ತಲೆ ಅಲ್ಲಾಡಿಸ್ಬ್ಯಾಡ್ರಿ. ನೀವು ಬ್ಯಾಡ ಅಂದ್ರೂ ನಾನು ಕೇಳಾಕಿಲ್ಲ. ಮಿಷನ್ನು ಹೊಳೇಗೆ ಹೋದ್ರೆ ಹೋಗ್ಲಿ.

ಏ ಹನುಮಂತಪ್ಪಾ! ಎರಡು ಟೀ ತಗಂಡು ಬಾ! ಅಲ್ಲಿ ಕುಂತೋರ್ನೂ ಕರ್ಕಂಡು ಬಾ, ಎಲ್ಲಾರ್ನೂ! ಸಾಹೇಬ್ರು ಸಹಿ ಮರ್ತ ಕಥೆ ಹೇಳ್ತಿದ್ನಲ್ಲಪ್ಪ ನಾನು... ಅದನ್ನ ಸರಿಯಾಗಿ ಹೇಳ್ತೀನಿ ಬರ್ರಿ ಇವತ್ತು.