ಮಾವನ ಆಯ್ಕೆ

ಅಯ್ಯೋ, ಕುಡಿಯಲ್ಲ ಅಂತ ಎಲ್ಲಿ ಹೇಳ್ದೆ? ಕುಡೀತೀನಿ, ಕುಡೀತೀನಿ. ಅವಸರ ಏನು ಅಳಿಯಂದಿರೇ? ಎರಡು ಗ್ಲಾಸು ತಾನೇ, ಎದ್ದು ಓಡಿ ಹೋಗ್ತಾವಾ? ಅದೇನು ಬಾಗಿಲು ಬೇರೆ ಹಾಕಿಬಿಟ್ರಿ... ಈ ಗೋಡೌನಿಗೆ ಮೊದಲೇ ಗಾಳಿಯಿಲ್ಲ. ಮುಂದೆ ಅಂಗಡಿ ಯಾರು ನೋಡ್ಕೋತಾರೆ? ಗಿರಾಕಿ ಬಂದ್ರೆ?

ಬೀಗ ಹಾಕಿ ಬಂದ್ರಾ? ಮಟಮಟ ಮಧ್ಯಾಹ್ನ ವೈನ್ ಅಂಗಡಿಗೆ ಬೀಗ! ಸರಿ ಬಿಡಿ. ನಿಮ್ಮಂಗಡಿ, ನಿಮ್ಮಿಷ್ಟ. ನಾನು ಬರೀ ಹೆಣ್ಣು ಕೊಟ್ಟ ಮಾವ.

ತಡೀರಿ, ಮೊದಲು ಬಣ್ಣ ನೋಡ್ತೀನಿ. ಬಲ್ಬಿನ ಹತ್ರ ಹಿಡೀರಿ... ಹಾಂ. ಎರಡೂ ಕೆಂಪೇ. ಬಣ್ಣದಲ್ಲಿ ಏನೂ ಗೊತ್ತಾಗ್ತಿಲ್ಲ, ಒಪ್ಕೋತೀನಿ. ಬಾಟಲಿ ತೋರಿಸಿ ಅಂದ್ರೆ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದೀರಿ. ಬಾಟಲಿ ತೋರಿಸಿದ್ರೆ ಎರಡರಲ್ಲಿ ಯಾವುದು ಒಳ್ಳೇದು ಅಂತ ಚಿಟಿಕೆ ಹೊಡೆಯೋದ್ರೊಳಗೆ ಹೇಳಿಬಿಡ್ತಿದ್ದೆ!

ಯಾಕೆ ನಗ್ತೀರಿ? ನಗಬೇಡಿ. ವೈನ್ ಕೊಳ್ಳೋ ಜಾಣತನ ಮುಕ್ಕಾಲು ಪಾಲು ಬಾಟಲಿಯ ಹೊರಗಡೆನೇ ಇರೋದು. ನಿನ್ನೆ ಆ ಹಲ್ಲಿನ ಡಾಕ್ಟರಮ್ಮ ಬಂದಿದ್ರಲ್ಲ, ಮನೆಗೆ ನೆಂಟರು ಬರ್ತಾರೆ ಅಂತ? ನೇರ ಹೋಗಿ ಕಣ್ಣೆತ್ತರದ ಸಾಲಿಗೆ ಕೈ ಹಾಕಿದ್ರು. ನಾನು ಅಂದೆ, ಅಮ್ಮಾ, ಕೈ ತೆಗೀರಿ! ಕಣ್ಣಿಗೆ ಬೀಳೋ ಜಾಗದಲ್ಲಿ ಅಂಗಡಿಯವನು ಇಡೋದು ತನಗೆ ಲಾಭ ಬರೋದನ್ನ. ಸೊಂಟ ಬಗ್ಗಿಸಿ, ಕೆಳಗಿನ ಸಾಲು ನೋಡಿ... ಹೌದು, ಅಂದೆ. ಮಾಲೀಕರ ಮುಂದೇನೇ ಹೇಳ್ತಿದ್ದೀನಿ! ಆಮೇಲೆ ಆ ದಪ್ಪ ಬಾಟಲಿಗಳು. ಗಾಜು ಭಾರ ಇದ್ರೆ ಒಳಗಿರೋದೂ ಭಾರಿ ಅಂದ್ಕೋತಾರೆ ಜನ. ಮೂಗಿಗಿಂತ ಮೂಗುತಿ ಭಾರ! ಹೆಸರುವಾಸಿ ಊರಿನ ವೈನ್ ಬೇಡ, ಅದರ ಪಕ್ಕದ ಊರಿಂದು ತಗೊಳ್ಳಿ. ಅದೇ ಬೆಟ್ಟ, ಅದೇ ಬಿಸಿಲು, ಬೆಲೆ ಮಾತ್ರ ಅರ್ಧ. ದೊಡ್ಡ ದ್ರಾಕ್ಷಿ ತೋಟದವರು ಇನ್ನೊಂದು ಹೆಸರಲ್ಲಿ ಅಗ್ಗಕ್ಕೆ ಬಿಡ್ತಾರಲ್ಲ, ಅದು ತಗೊಳ್ಳಿ. ಬಿಸಿಲಿಗೆ ನಿಲ್ಲಿಸಿದ ಬಾಟಲಿ ಪುಕ್ಕಟೆ ಕೊಟ್ರೂ ಮುಟ್ಟಬೇಡಿ. ಬೇರೆ ಬೇರೆ ಸೇರಿಸಿ ಒಂದು ಪೆಟ್ಟಿಗೆ ತುಂಬಿಸಿ, ಬಾಯಿಬಿಟ್ಟು ರಿಯಾಯಿತಿ ಕೇಳಿ... ಒಂದು ಬಾಟಲಿಗೆ ಬಂದವರು ಪೆಟ್ಟಿಗೆ ಹೊತ್ಕೊಂಡು ಹೋದ್ರು! ಅದಕ್ಕೇ ಅಲ್ವಾ ಜನ ಆ ದೊಡ್ಡ ಅಂಗಡಿ ಬಿಟ್ಟು ನಮ್ಮ ಮೆಟ್ಟಿಲು ಹತ್ತೋದು? ಬಾಟಲಿ ಕತ್ತಿಗೆ ನಾನು ಬರೆದು ಕಟ್ಟೋ ಚೀಟಿ, 'ಮಾವನ ಆಯ್ಕೆ'. ಅದನ್ನ ಓದಿ ಕಣ್ಣುಮುಚ್ಚಿ ತಗೊಂಡು ಹೋಗ್ತಾರೆ. ಹೆಸರಿಟ್ಟಿದ್ದು ನೀವೇ!

ಗೊತ್ತು, ಗೊತ್ತು. ವಿಷಯಕ್ಕೆ ಬರ್ತೀನಿ.

ಮೂಸಿ ನೋಡ್ಲಿಲ್ವಾ? ನೋಡಿದೆನಲ್ಲ! ನೀವು ಆ ಕಡೆ ತಿರುಗಿದ್ರಿ. ಸರಿ, ಇನ್ನೊಂದ್ಸಲ. ಹ್ಮ್... ಹ್ಮ್ಮ್... ಹಾ! ಇದು. ಈ ಎಡಗಡೆದು. ಏನು ಘಮ ಅಳಿಯಂದಿರೇ! ನೇರಳೆ ಹಣ್ಣು, ಒಂಚೂರು ಮೆಣಸು... ಹಿಂದಿನಿಂದ ಹಳೇ ಮರದ ಬೀರು ತೆಗೆದ ಹಾಗೆ... ಇನ್ನೊಂದು ಪರವಾಗಿಲ್ಲ, ಸಪ್ಪೆ. ನಾನಂತೂ ಎಡಗಡೆದಕ್ಕೇ ಚೀಟಿ ಕಟ್ಟೋದು.

ಏನು?

ಏನಾಯ್ತು? ಯಾಕೆ ಹಾಗೆ ನೋಡ್ತೀರಿ? ...ತಡೀರಿ, ಎಡ ಅಂದ್ನಾ? ನನ್ನ ಎಡ ಅಲ್ಲ, ನಿಮ್ಮ... ತಪ್ಪಾಗಿದ್ರೆ ಹೇಳಿ ಮಾರಾಯ್ರೇ. ಬೈಯಿರಿ ಬೇಕಾದ್ರೆ!

ಈಗ ಯಾಕೆ ತೋರಿಸ್ತೀರಿ ಬಾಟಲಿನ? ಕೊಡಿ ಇಲ್ಲಿ... ಇದು... ಇದು ಡಾಕ್ಟರಮ್ಮ ಬೆಳಿಗ್ಗೆ ವಾಪಸ್ ತಂದು ಕೌಂಟರ್ ಮೇಲೆ ಕುಕ್ಕಿದ್ದಲ್ವಾ? ಕಾರ್ಕು ಕೆಟ್ಟಿದೆ, ಒದ್ದೆ ರಟ್ಟಿನ ನಾತ ಹೊಡೀತಿದೆ, ನೆಂಟರೆಲ್ಲ ಮೂಗು ಮುಚ್ಕೊಂಡ್ರು ಅಂತ ಕೂಗಾಡಿದ್ದು... ಇದನ್ನ ಎಡಗಡೆ ಗ್ಲಾಸಿಗೆ ಸುರಿದ್ರಾ?

ನೆಗಡಿ ಆಗಿತ್ತು ಅನ್ನೋಣ ಅಂತಿದ್ದೆ. ನಿಮ್ಮ ಮುಖ ನೋಡಿದ್ರೆ ಬಾಯಿ ಬರಲ್ಲ.

ಹೌದು. ವಾಸನೆ ಬರಲ್ಲ. ಏನೂ ಬರಲ್ಲ. ಹೋದ ವರ್ಷ ಮನೆಗೆಲ್ಲ ಜ್ವರ ಬಂದು ಯಾರಿಗೂ ವಾಸನೆನೇ ಬರದ ಹಾಗಾಯ್ತಲ್ಲ? ನಿಮಗೆ, ಮಗಳಿಗೆ ಮೂಗು ವಾಪಸ್ ಬಂದ ದಿನ ಊಟದ ತಟ್ಟೆ ಮುಂದೆ ಕೂತು 'ಬಂತು, ಬಂತು' ಅಂತ ಕುಣಿದ್ರಿ. ನಾನೂ ಕುಣಿದೆ. ನನಗೆ ಬಂದಿರಲಿಲ್ಲ. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ... ಚೀಟಿ ಮೇಲೆ ಬರೆದಿದ್ದೆಲ್ಲ ಗಿರಾಕಿಗಳ ಬಾಯಿಂದ ಕೇಳಿದ್ದು. ಹೇಗೆ ಹೇಳ್ಲಿ? ಮಗಳ ಮನೇಲಿ ಉಣ್ಣೋ ಅಪ್ಪ ನಾನು. ಈ ಮೂಗೊಂದಿತ್ತು ಅಂತ ತಲೆ ಎತ್ಕೊಂಡು ಉಣ್ತಿದ್ದೆ. ಅದೂ ಹೋದ್ರೆ ನಾನ್ಯಾರು? ದಂಡಪಿಂಡ! ಮೊಮ್ಮಗಳು ಹುಟ್ಟಿದಾಗ ನೀವೆಲ್ಲ ಅವಳ ನೆತ್ತಿ ಮೂಸಿ ಮೂಸಿ ಹಿಗ್ಗಿದ್ರಿ. ನಾನೂ ಮೂಸಿದೆ. ಏನೂ ಇಲ್ಲ... ಬಟ್ಟೆಗಂಟು ಎತ್ಕೊಂಡ ಹಾಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ.

ಅಬ್ಬಾ, ಹೇಳಿದೆ. ಎದೆ ಹಗುರಾಯ್ತು ನೋಡಿ! ಇನ್ನು ಚೀಟಿ ಗೀಟಿ ಬೇಡ. ಪೆಟ್ಟಿಗೆ ಹೊರ್ತೀನಿ, ನೆಲ ಒರೆಸ್ತೀನಿ. ಬನ್ನಿ, ಬಾಗಿಲು ತೆಗೀರಿ. ಈ ಬಾಟಲಿ ಬಂದ ಲೋಡು ಪೂರ್ತಿ ಕಳಿಸಿದವನಿಗೇ ವಾಪಸ್ ಹೊಡೆಯೋಣ.

ಯಾಕೆ? ...ತಗೊಳ್ಳಲ್ವಾ? ಅರ್ಧ ಬೆಲೆಗೆ ಸಿಗ್ತು ಅಂತ, ವಾಪಸ್ ಇಲ್ಲ ಅನ್ನೋ ಮಾತಿನ ಮೇಲೆ ತಂದ್ರಾ? ಅಂದ್ರೆ ಇಲ್ಲಿ ಸೂರಿನ ತನಕ ಪೇರಿಸಿರೋದೆಲ್ಲ ಇದೇನಾ? ಎಲ್ಲಾದರ ಕಾರ್ಕೂ ಹೀಗೇನಾ?

ಅದೇನು ಜೇಬಿಂದ... ಖಾಲಿ ಚೀಟಿಗಳ ಕಟ್ಟಾ? ಪೆನ್ನು ಯಾಕೆ? ಇದಕ್ಕೆಲ್ಲ 'ಮಾವನ ಆಯ್ಕೆ' ಅಂತ ಬರೀಬೇಕಾ? ಇಲ್ಲ. ಇಲ್ಲ ಅಳಿಯಂದಿರೇ, ನನ್ನಿಂದಾಗಲ್ಲ. ಈಗ ತಾನೇ ಹೇಳಿದೆನಲ್ಲ ನನಗೆ ಮೂಗು...

ಓ.

ನಿಮಗೆ ಮೊದಲೇ ಗೊತ್ತಿತ್ತು. ಅಲ್ವಾ? ಇಷ್ಟು ದಿನ ಬರೆದಿದ್ದೆಲ್ಲ ಸುಳ್ಳು ಅಂತ ನಾನೇ ಬಾಯಿಬಿಟ್ಟು ಒಪ್ಕೊಂಡ್ರೆ, ಆಮೇಲೆ ಬರೆಯಲ್ಲ ಅನ್ನೋಕೆ ನನಗೆ ಬಾಯೇ ಇರಲ್ಲ ಅಂತ... ಅದಕ್ಕೆ ಈ ಗ್ಲಾಸು, ಈ ಬಾಗಿಲು. ಬರೀದಿದ್ರೆ ಏನ್ಮಾಡ್ತೀರಿ? ಮಗಳಿಗೆ ಹೇಳ್ತೀರಾ? ಹೇಳಿ! ನಾನೇ ಹೇಳ್ತೀನಿ. ತನ್ನ ಗಂಡ ಅಪ್ಪನ ಕೈಲಿ ಎಂಥಾ ಕೆಲಸ ಮಾಡಿಸ್ತಿದ್ದಾನೆ ಅಂತ ಗೊತ್ತಾದ್ರೆ ಅವಳು ಒಂದು ಗಳಿಗೆ ಸಹಿಸಲ್ಲ. ನನ್ನ ಮಗಳು ಅವಳು! ನಡೀರಿ, ಈಗಲೇ ಫೋನ್...

ಯಾಕೆ ತಲೆ ತಗ್ಗಿಸಿದ್ರಿ?

ಅಳಿಯಂದಿರೇ... ಅವಳಿಗೆ ಗೊತ್ತಾ? ನನ್ನ ಮೂಗಿನ ವಿಷಯ? ...ಈ ಲೋಡಿನ ವಿಷಯನೂ?

ನನ್ನ ಕಡೆ ನೋಡಿ. ಅವಳೇ ಹೇಳಿ ಕಳಿಸಿದ್ದಾ? ಅಪ್ಪನ ಕೈಲಿ ಬರೆಸಿ ಅಂತ?

...ಹ್ಞೂಂ.

ಕೊಡಿ. ಪೆನ್ನು ಕೊಡಿ. ಆ ಪೆಟ್ಟಿಗೆ ಎಳೀರಿ ಈ ಕಡೆ, ಕೂತ್ಕೋತೀನಿ. ಏನಂತ ಬರೀಲಿ? ಗಿರಾಕಿ ಯಾರೂ ಇಲ್ಲ ಇಲ್ಲಿ, ನೀವೇ ಗ್ಲಾಸು ತಗೊಳ್ಳಿ. ಹತ್ರ ಹಿಡೀರಿ. ಇನ್ನೂ ಹತ್ರ. ಹೇಳಿ ಅಳಿಯಂದಿರೇ... ಹೇಗೆ ನಾರ್ತಿದೆ?