ಮೆಸೇಜ್ ಕಳಿಸೋ ಫೋನು

...ನಿನ್ನ ಕೈಲಿ ಆಗಲ್ಲ ಅಂದೋಳು ನಿಮ್ಮ ತಾತನ ಅಕ್ಕ, ಸಿಡ್ನಿಯ ಟೂಂಗಾಬೀಲಿ ತನ್ನ ಅಡುಗೆಮನೇಲಿ ನಿಂತ್ಕೊಂಡು, ನನ್ನ ಎದುರಿಗೇ. "ಏಳನೇ ಕ್ಲಾಸ್ ಓದಿದೋಳು, ಗಂಡ ಬೇರೆ ಇಲ್ಲ, ಮೆಲ್ಬರ್ನ್‌ಗೆ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯ? ಇಲ್ಲೇ ಪಾತ್ರೆ ತೊಳ್ಕೊಂಡಿರು." ಇರ್ಲಿ, ಅವಳ ವಿಷಯ ಬಿಡು. ನೀನೀಗ ಸ್ಕೂಲ್ ಎಸ್ಸೇಲಿ ಬರ್ದಿದ್ದು ಓದಿ ಹೇಳಿದೆಯಲ್ಲ ಅನಘಾ, ಬಡ ದೇಶದಲ್ಲಿ ಕ್ರಾಂತಿ ಮಾಡೋ ನಾಯಕ ಮಾತಿನ ಮೋಡಿಯಿಂದ ಮೇಲೆ ಬರ್ತಾನೆ ಅಂತ, ಅದನ್ನ ಕೇಳಿ ಮೈ ಉರಿದುಹೋಯ್ತು ನಂಗೆ. ಮೋಡಿಯಂತೆ. ಕೂತ್ಕೋ, ಹೆಂಗೆ ಬರ್ತಾನೆ ಅಂತ ನಿಮ್ಮಜ್ಜಿ ನಾನು ಕಣ್ಣಾರೆ ನೋಡಿದೀನಿ.

ಮೆಲ್ಬರ್ನ್‌ಗೆ ಬಂದು ನಾನು ಸೇರಿದ್ದು ಡ್ಯಾಂಡಿನಾಂಗಲ್ಲಿ ಸಲಾಡ್ ಪ್ಯಾಕ್ ಮಾಡೋ ಫ್ಯಾಕ್ಟರಿ. ಒಳಗೆ ಫ್ರಿಜ್‌ನಂಥ ಚಳಿ. ಕಂಪನಿಯೋರಿಗೆ ಬೆಚ್ಚಗಿನ ಊಟದ ರೂಮು, ದಿನಗೂಲಿಗೆ ಜನ ಕಳಿಸೋ ಏಜೆನ್ಸಿ ಕಡೆಯಿಂದ ಬಂದ ನಮಗೆ ಹೊರಗೆ ಕಸದ ಡಬ್ಬಿ ಪಕ್ಕ. ನಾಳೆ ಕೆಲಸ ಇದ್ಯೋ ಇಲ್ವೋ ಅಂತ ಸಂಜೆ ಫೋನಿಗೆ ಮೆಸೇಜ್ ಬರೋದು. ಬಾಯಿ ಬಿಟ್ಟೋರಿಗೆ ಬರ್ತಿರಲಿಲ್ಲ. ರೆಂಟೂ ಆ ಮೆಸೇಜ್ ಮೇಲೆ, ನಿಮ್ಮಮ್ಮನ ಶೂ ಕೂಡ ಆ ಮೆಸೇಜ್ ಮೇಲೆ. ಫ್ಯಾಕ್ಟರಿ ಹಣೆಬರಹಾನೂ ಅಷ್ಟೇ, ಮಾಲು ತಗೊಳ್ತಿದ್ದಿದ್ದು ಒಂದೇ ದೊಡ್ಡ ಅಂಗಡಿ, ಅವರು ಬೇಡ ಅಂದ್ರೆ ಬಾಗಿಲು ಮುಚ್ಚಬೇಕು. ಆಮೇಲೆ ನಾನು ಲೈಬ್ರರೀಲಿ ಡಿಕ್ಷನರಿ ಇಟ್ಕೊಂಡು ಓದಿದ ದೇಶಗಳೆಲ್ಲ ಹಿಂಗೇ: ಬೆಳೆಯೋದು ಒಂದೇ ಬೆಳೆ, ಕೊಳ್ಳೋನು ಹೊರಗಿನೋನೊಬ್ಬ, ಒಳಗೆ ನಾಲ್ಕು ಜನಕ್ಕೆ ಬೆಚ್ಚಗೆ, ಮಿಕ್ಕೋರೆಲ್ಲ ಕಸದ ಡಬ್ಬಿ ಪಕ್ಕ.

ಸುರೇಂದ್ರ ಅಂತ ಒಬ್ಬ ಇದ್ದ, ನಮ್ಮ ಥರಾನೇ ಲೈನಲ್ಲಿ ನಿಲ್ಲೋನು, ಹಿಂದಿ ಇಂಗ್ಲಿಷ್ ಎರಡೂ ಬರೋದು. ಒಂದಿನ ಒಬ್ಬ ಬಸುರಿ ಹುಡುಗಿ ಮಳೇಲಿ ನಿಂತು ಊಟ ಮಾಡ್ತಿದ್ಲು. ಇವನು ಅವಳ ಡಬ್ಬಿ ಎತ್ಕೊಂಡು ಹೋಗಿ ಸೀದಾ ಆ ರೂಮಲ್ಲೇ ಕೂರಿಸಿದ. ಮಾರನೇ ದಿನಕ್ಕೆ ಇಬ್ಬರಿಗೂ ಮೆಸೇಜ್ ಇಲ್ಲ. ಅವರಿಬ್ಬರನ್ನ ವಾಪಸ್ ಕೆಲಸಕ್ಕೆ ಕರೆಯೋ ತನಕ ನಾವ್ಯಾರೂ ಗೇಟ್ ದಾಟಲಿಲ್ಲ. ಒಳಗೆ ಸೊಪ್ಪು ಬಾಡ್ತಿತ್ತು, ಹೊರಗೆ ಲಾರಿ ಕಾಯ್ತಿತ್ತು. ಮಧ್ಯಾಹ್ನಕ್ಕೆ ಏಜೆನ್ಸಿಯೋರು ಮಣಿದ್ರು. ಎಲ್ಲಿತ್ತು ನಿನ್ನ ಮೋಡಿ? ನಮ್ಮ ಸಿಟ್ಟಿತ್ತು, ಅವನು ಅದರ ಮೇಲೆ ಹತ್ತಿ ನಿಂತ. ಏಜೆನ್ಸಿಯೋರೇನು ದಡ್ಡರಾ, ಮೆಸೇಜ್ ಕಳಿಸೋ ಫೋನನ್ನೇ ಅವನ ಕೈಗೆ ಕೊಟ್ಟುಬಿಟ್ರು. ನಾವು ಚಪ್ಪಾಳೆ ತಟ್ಟಿದ್ವಿ ಗೊತ್ತಾ, ನಮ್ಮೋನು ಅಂತ.

ತಿಂಗಳು ತುಂಬೋದ್ರೊಳಗೆ ಜನ ಅವನಿಗೂ ಊಟ ತರೋಕೆ ಶುರು ಮಾಡಿದ್ರು. ಬಿರಿಯಾನಿ ತಂದೋರಿಗೆ ವಾರವಿಡೀ ಶಿಫ್ಟು, ಬರೀಗೈಲಿ ಬಂದೋರಿಗೆ ಎಲ್ಲೋ ಒಂದೆರಡು. ನಾನು ಎಲ್ಲರ ಮುಂದೇನೇ ಕೇಳಿದೆ, ಶಿಫ್ಟನ್ನ ಎಲ್ಲ ಕೂತು ಹಂಚೋಣ, ಫೋನು ವಾರಕ್ಕೊಬ್ಬರ ಹತ್ರ ಇರ್ಲಿ ಅಂತ. ಅವನು ದನಿ ಇಳಿಸಿ, ಎಷ್ಟು ಮೆತ್ತಗೆ ಅಂತೀಯ, "ದೀದಿ, ಕಂಪನಿಯೋರು ನಮ್ಮನ್ನ ಒಡೆಯೋಕೆ ಕಾಯ್ತಿದಾರೆ. ನೀವೂ ಅವರ ಕಡೆ ಸೇರಿದ್ರಾ?" ಅಂದ.

"ಗೇಟಲ್ಲಿ ನಿಂತಿದ್ದು ನಾವಪ್ಪಾ," ಅಂದೆ.

ಆ ಬಸುರಿ ಹುಡುಗೀನೇ ನನ್ನ ಸೆರಗು, ಅಲ್ಲ, ಆವಾಗ ಸೀರೆ ಎಲ್ಲಿ, ಕೋಟು ಎಳೆದು "ಬಿಡಿ ಆಂಟಿ, ಕೂತ್ಕೊಳ್ಳಿ" ಅಂದ್ಲು. ಅವತ್ತು ಸಂಜೆಯಿಂದ ನನ್ನ ಫೋನಿಗೆ ಮೆಸೇಜ್ ಬರಲೇ ಇಲ್ಲ.

ಅವನೊಬ್ಬ ಕೆಟ್ಟೋನು ಅಂತ ಬರ್ದು ಎಸ್ಸೇ ಮುಗಿಸಬೇಡ ಮತ್ತೆ. ದೇಶವಾಗ್ಲಿ ಮನೆಯಾಗ್ಲಿ, ಬಡಿಸೋ ಸೌಟು ಒಬ್ಬರ ಕೈಲೇ ಇದ್ರೆ, ಕೈ ಬದಲಾದ್ರೂ ಕೊನೇ ಪಂಕ್ತಿಯೋರಿಗೆ ನೀರು ಸಾರೇ. ಅದನ್ನ ಬರಿ. ಇವತ್ತು ಡ್ಯಾಂಡಿನಾಂಗ್ ಸ್ಟೇಷನ್ ಹತ್ರ ಚಪಾತಿ ಅಂಗಡಿ ನಂದು, ಮೇಲಿನ ಮನೆ ನಂದು, ಯಾರ ಹಂಗಿಲ್ಲ. ಅಲ್ಲಿ ಕೆಲಸ ಮಾಡೋ ಹೆಂಗಸರು ಶಿಫ್ಟನ್ನ ತಾವೇ ಕೂತು ಹಂಚ್ಕೋತಾರೆ. ಇಷ್ಟಕ್ಕೆಲ್ಲ ನಾನು ತೆತ್ತಿದ್ದು, ಕಾವಲಿ ಮುಟ್ಟಿ ಮುಟ್ಟಿ ಈ ಬೆರಳ ತುದಿಗೆ ಬಿಸಿ ಗೊತ್ತಾಗಲ್ಲ, ಅದು ಹೋಗ್ಲಿ. ಅಂಗಡಿ ಕಟ್ಟಿದ ಆ ವರ್ಷಗಳಲ್ಲಿ ನಾನು ಮನೆ ಸೇರ್ತಿದ್ದೇ ಅಪರೂಪ, ನಿಮ್ಮಮ್ಮ ಪಕ್ಕದ ಮನೇಲೇ ಉಂಡು ಅಲ್ಲೇ ಮಲಗ್ತಿದ್ಲು. ಇವತ್ತಿಗೂ ಹುಷಾರು ತಪ್ಪಿದ್ರೆ ಅವಳು ನಂಗೆ ಹೇಳಲ್ಲ.