ಹಸಿವಿಲ್ಲದೆ ತಿಂದ ಹುಡುಗಿ

ಒಂದು ಪೇಟೆ ಊರು. ಅಲ್ಲಿ ಒಬ್ಬ ಬಟ್ಟೆ ಅಂಗಡಿ ಸಾಹುಕಾರ. ಊರ ಹೊರಗೆ ಹೊಸ ಬಂಗಲೆ ಕಟ್ಟಿಸಿದ್ದ. ಎಲ್ಲ ಇತ್ತು, ನೋಡಿ. ಆದರೆ ಹದಿನಾಲ್ಕು ವರ್ಷದ ಒಬ್ಬಳೇ ಮಗಳು ನೀಲಾಂಬಿಕೆ ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿದ್ದಳು. ಅದೊಂದೇ ಚಿಂತೆ.

ಚಿಂತೆ ಬಂದರೆ ಸಾಹುಕಾರರು ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ! ತಿಂಡಿ ಡಬ್ಬಿಗಳ ಕಪಾಟಿಗೆ ಬೀಗ ಬಿತ್ತು. ಊಟಕ್ಕೆ ಕುಳಿತರೆ ತಾಯಿ, "ಸಾಕು ಬಿಡವ್ವಾ, ಇನ್ನ ಎಷ್ಟ ತಿಂತಿ?" ಎನ್ನುತ್ತಿದ್ದಳು. ಮಗಳು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದಳು. ಆದರೂ ದಪ್ಪಗಾಗುತ್ತಲೇ ಇದ್ದಳು. ಹೇಗೆ? ಅಪ್ಪನಿಗೆ ತಿಳಿಯಲಿಲ್ಲ.

ಒಮ್ಮೆ ಬಳಗದಲ್ಲಿ ಮದುವೆ. ಹುಡುಗಿ ಪಂಕ್ತಿಯಲ್ಲಿ ಕೂರುವಷ್ಟರಲ್ಲಿ ಸೋದರಮಾವ ಕೂಗಿದ: "ಏ ತಮ್ಮಾ, ನಮ್ಮ ನೀಲವ್ವಗ ಎರಡು ಕುರ್ಚಿ ಹಾಕಪಾ!" ಅತ್ತೆಯರು ನಕ್ಕರು. ಬಡಿಸುವವರು ನಕ್ಕರು. ಸಾಹುಕಾರನೂ ನಕ್ಕ. ನೋಡಿ, ಹೆತ್ತ ಅಪ್ಪನೂ ನಕ್ಕ!

ಹುಡುಗಿ ಉಣ್ಣದೆ ಎದ್ದು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅಪ್ಪ ಹುಡುಕುತ್ತ ಹೋದ. ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮರೆಯಲ್ಲಿ ಅವಳು ಒಬ್ಬಳೇ ಕುಳಿತಿದ್ದಳು. ಉಡಿಯ ತುಂಬ ಲಾಡು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಕೈ ಬಾಯಿಗೆ ಹೋಗುತ್ತಿದೆ.

ಬೈಯಲು ಬಂದವನು ಅವಳ ಕಡೆ ಬಗ್ಗಿದ. "ಇಷ್ಟ ಹಸಿವಾಗಿತ್ತೇನವ್ವಾ?" ಎಂದ ಮೆಲ್ಲಗೆ.

"ಹಸಿವಿಲ್ಲ ಅಪ್ಪಾಜಿ. ತಿನ್ನೂವಾಗ ಯಾರ ನಗೂದೂ ಕೇಳಂಗಿಲ್ಲ."

ಸಾಹುಕಾರ ಅವಳ ಪಕ್ಕದಲ್ಲೇ ಕುಳಿತ. ಹಳೆಯ ಓಣಿ ಕಣ್ಣಿಗೆ ಕಟ್ಟಿತು. ಅಂಗಡಿ ಚಿಕ್ಕದಿದ್ದ ಕಾಲ ಅದು. ಸಂಜೆ ಅವನು ಓಣಿ ಹೊಕ್ಕರೆ, ಕುಂಟಾಬಿಲ್ಲೆ ಆಡುತ್ತಿದ್ದ ಮಗಳು ಆಟ ಬಿಟ್ಟು ಓಡಿ ಬರುತ್ತಿದ್ದಳು. ಆಗಲೂ ಗುಂಡಗೇ ಇದ್ದಳು! "ಬಾರವ್ವಾ, ನನ್ನ ಬೆಣ್ಣಿಮುದ್ದಿ" ಎಂದು ಕರೆದು ಓಣಿಯ ಮುದುಕಿಯರು ಜಡೆ ಹೆಣೆಯುತ್ತಿದ್ದರು. ದೀಪ ಹಚ್ಚಿದ ಮೇಲೆ ಅವನ ತಾಯಿ ದೊಡ್ಡ ಗಂಗಾಳದಲ್ಲಿ ರೊಟ್ಟಿ ಮುರಿದು, ಬೇಳೆ ಕಲಸಿ, ಸುತ್ತ ಕುಳಿತ ಮಕ್ಕಳಿಗೆಲ್ಲ ಒಂದೊಂದು ತುತ್ತು ಕೊಡುವಳು. ಸಾಲೆಯ ಸುದ್ದಿ, ಸಣ್ಣ ಜಗಳ, ಹೊಟ್ಟೆ ಹುಣ್ಣಾಗುವ ನಗು. ಆ ತಾಯಿ ತೀರಿಹೋದಳು. ಬಂಗಲೆ ಬಂತು. ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿ. ಮಗಳ ಜೊತೆ ಊಟಕ್ಕೆ ಟಿವಿ ಒಂದೇ. ಅವಳ ಪಕ್ಕ ಕುಳಿತು ಉಂಡದ್ದು ಯಾವಾಗ? ನೆನಪಾಗಲಿಲ್ಲ.

"ನಾನೂ ನಕ್ಕೆನವ್ವಾ. ತಪ್ಪಾತು" ಎಂದ. ಕೈ ಹಿಡಿದು ಕರೆತಂದು ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡ. ಸೋದರಮಾವ ಮತ್ತೆ ಬಾಯಿ ತೆರೆದ.

"ಭಾವಾ, ನನ್ನ ಮಗಳನ್ನ ನೋಡಿ ನಗೂದು ಇವತ್ತಿಗೆ ಮುಗೀತು" ಎಂದ ಸಾಹುಕಾರ. "ನಗೂದ್ರಾಗ ನಾನೂ ಇದ್ದೆ. ಇನ್ನ ಸಾಕು."

ಬಡಿಸುವವರನ್ನು ಕರೆದು ಮಗಳ ಎಲೆಗೆ ಮೊದಲು ಹಾಕಿಸಿದ.

ಅಂದಿನಿಂದ ಸಂಜೆಯಾದರೆ ಅಂಗಡಿಯನ್ನು ಆಳುಗಳಿಗೆ ಒಪ್ಪಿಸಿ ಮನೆಗೆ ಬರುತ್ತಿದ್ದ. ಮಗಳೊಡನೆ ಹಳೆಯ ಓಣಿಗೆ ನಡೆದು ಹೋಗತೊಡಗಿದ. ಮೊದಮೊದಲು ಅವಳು, "ಬ್ಯಾಡ ಅಪ್ಪಾಜಿ, ಎಲ್ಲಾರೂ ನೋಡ್ತಾರ" ಎಂದು ಹಿಂಜರಿದಳು. ಆಮೇಲಾಮೇಲೆ ಹಳೆಯ ಗೆಳತಿಯರು ಸಿಕ್ಕರು. ಅಪ್ಪ ಮಗಳು ಡಾಕ್ಟರ ಬಳಿಗೂ ಹೋದರು. ಆ ಪುಣ್ಯಾತ್ಮ ತೂಕದ ಜೊತೆಗೆ ನಿದ್ದೆಯ ಬಗ್ಗೆ ಕೇಳಿದ, ಗೆಳತಿಯರ ಬಗ್ಗೆ ಕೇಳಿದ.

"ಸ್ವಾಮಿಗಳೇ, ಹುಡುಗಿ ಸಣ್ಣಗಾದಳೇ?" ಎಂದು ಕೇಳಬೇಕೆನಿಸುತ್ತಿದೆ ಅಲ್ಲವೇ? ಅದೇ ನೋಡಿ ನಮ್ಮ ರೋಗ! ತುಸು ಇಳಿದಳು, ನಿಧಾನಕ್ಕೆ. ಆದರೆ ಕದ್ದು ತಿನ್ನುವುದು ನಿಂತಿತು. ಅಪ್ಪನ ಎದುರಿಗೆ ಹೊಟ್ಟೆ ತುಂಬ ಉಂಡು, ಸಾಕಾದಾಗ ತಾನೇ "ಸಾಕು" ಅನ್ನತೊಡಗಿದಳು.

ತಾಯಂದಿರೇ, ಊಟದ ಹೊತ್ತಿನಲ್ಲಿ ಮಗುವನ್ನು ಬೈಯಬೇಡಿ. ಅಪ್ಪಂದಿರೇ, ದಿನಕ್ಕೊಂದು ಹೊತ್ತಾದರೂ ಮಗುವಿನ ಜೊತೆ ಕೂತು ಉಣ್ಣಿ. ಮೈ ಭಾರವಿದ್ದರೆ ಡಾಕ್ಟರಿದ್ದಾರೆ. ಮನಸ್ಸು ಭಾರವಿದ್ದರೆ ಯಾರಿದ್ದಾರೆ? ನೀವೇ ಇರಬೇಕು. ಈಗ ಎಲ್ಲರೂ ಪ್ರಸಾದಕ್ಕೆ ಏಳುತ್ತೀರಿ. ಪಂಕ್ತಿಯಲ್ಲಿ ನಿಮ್ಮ ಪಕ್ಕ ಒಂದು ದಪ್ಪ ಮಗು ಬಂದು ಕೂರಬಹುದು. ಅದರ ಎಲೆ ನೋಡಬೇಡಿ. ಮುಖ ನೋಡಿ, ಹೆಸರು ಕೇಳಿ.